ಮೋಟಾರು ಮನೆಯನ್ನು ತಂಪು ಮಾಡಹೋಗಿ

ಅರಬೈಲು ಘಟ್ಟ ಇಳಿಯುವವರೆಗೆ ನನಗಿಂತ ಜಾಣ ಡ್ರೈವರ್ ಈ ಜಿಲ್ಲೆಯಲ್ಲಿಲ್ಲ ಎಂದು ನಾನು ನಂಬಿದ್ದೆ. ನಂಬುವುದಕ್ಕೆ ಕಾರಣವೂ ಇತ್ತು. ನಾನು ಓಡಿಸುತ್ತಿದ್ದದ್ದು ಬರಿಯ ಮೋಟಾರಲ್ಲ, ಒಂದು ಮನೆ. ಮುಂಬಯಿಯ ಸೇಠರೊಬ್ಬರು ಲಾರಿಯ ಚಾಸಿಯ ಮೇಲೆ ತೇಗದ ಚೌಕಟ್ಟು ಕೂರಿಸಿ, ಸುತ್ತ ಹಲಗೆ ಹೊಡೆಸಿ, ಮೇಲೆ ತಗಡು ಹೊದಿಸಿ ಕಟ್ಟಿಸಿದ ಗಾಡಿ. ಒಳಗೆ ಎರಡು ಮಂಚ, ಸಾಮಾನಿನ ಗೂಡು, ಸೀಮೆಎಣ್ಣೆಯ ಸ್ಟೋ, ದೇವರ ಪಟಕ್ಕೊಂದು ಮೂಲೆ. ಸೇಠರ ತಾಯಿಗೆ ಗೋಕರ್ಣಕ್ಕೆ ಬಂದುಹೋಗುವ ಹರಕೆಯಿತ್ತು. ಆಕೆ ಮಡಿಯವರು. ಪರರ ಮನೆಯಲ್ಲಿ ಮಲಗುವವರಲ್ಲ, ಧರ್ಮಶಾಲೆಯ ಹೊಸ್ತಿಲು ದಾಟುವವರಲ್ಲ. ಅದಕ್ಕೇ ಮಗ ಮನೆಗೇ ಗಾಲಿ ಕಟ್ಟಿಸಿದ್ದರು. ನಾವೆಲ್ಲ ಆಕೆಯನ್ನು ಅವರ ಕಡೆಯವರ ಹಾಗೆ ಮಾಜಿ, ಅಂದರೆ ಅಮ್ಮ, ಎನ್ನುತ್ತಿದ್ದೆವು.

ಬೇಸಿಗೆಯಲ್ಲಿ ತಗಡಿನ ಮಾಡು ಕಾದರೆ ಒಳಗಿದ್ದವರು ಬೆಂದುಹೋಗುತ್ತಾರೆ. ಧಾರವಾಡ ದಾಟುವಷ್ಟರಲ್ಲೇ ಮಾಜಿ ನರಳತೊಡಗಿದ್ದರು. ಹುಬ್ಬಳ್ಳಿಯಲ್ಲಿ ನಾನು ಕೆಲಸ ಕಲಿತ ಗರಾಜಿನ ಮುಂದೆ ಗಾಡಿ ನಿಲ್ಲಿಸಿ ಅದಕ್ಕೊಂದು ಉಪಾಯ ಮಾಡಿದೆ. ಕಿಟಕಿಗಳಿಗೆ ಲಾವಂಚದ ಬೇರಿನ ತಟ್ಟಿ ಕಟ್ಟಿದೆ. ತಟ್ಟಿಯ ನೆತ್ತಿಗೆ ಉದ್ದಕ್ಕೂ ತೂತು ಕೊರೆದ ತಗಡಿನ ಕೊಳವೆ, ಮಾಡಿನ ಮೇಲೆ ನೀರಿನ ಡಬ್ಬ. ಡಬ್ಬದಿಂದ ನೀರು ಕೊಳವೆಗಿಳಿದು ತಟ್ಟಿಯ ಮೇಲೆ ತೊಟ್ಟಿಕ್ಕುತ್ತಿತ್ತು. ಬಯಲುಸೀಮೆಯ ಒಣಗಾಳಿ ಆ ಒದ್ದೆ ಬೇರಿನ ನಡುವೆ ಹಾದು ಒಳಗೆ ಬಂದರೆ ತಣ್ಣಗೆ, ಪರಿಮಳ ಬೇರೆ. ಕಲಘಟಗಿಯ ದಾರಿಯಲ್ಲಿ ಮಟಮಟ ಮಧ್ಯಾಹ್ನ ಮಾಜಿ ಶಾಲು ಹೊದ್ದರು. ಸೇಠರು ಗಾಡಿ ನಿಲ್ಲಿಸಲು ಹೇಳಿ ನನ್ನ ಬೆನ್ನು ತಟ್ಟಿದರು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನಾನು ಹಗಲಲ್ಲೇ ಹಿಡಿದೆ.

ಗೋಕರ್ಣದ ದರ್ಶನವೇನೋ ಆಯಿತು. ಗಂಗಾವಳಿ ಹೊಳೆ ದಾಟಿಸುವ ಜೋಡುದೋಣಿಯ ಜಂಗಲ್ ನಮ್ಮ ಗಾಡಿಯ ಭಾರ ತಡೆಯದು ಎಂದು ಅಂಬಿಗರು ಕೈಯಲ್ಲಾಡಿಸಿದ್ದರಿಂದ ಗಾಡಿಯನ್ನು ಈಚೆ ದಡದಲ್ಲೇ ಬಿಟ್ಟು, ದೋಣಿ ಮತ್ತು ಎತ್ತಿನ ಗಾಡಿಯಲ್ಲಿ ಹೋಗಿ ಬಂದೆವು. ಬಿಸಿಲಲ್ಲಿ ಹೋಗಿಬಂದ ಮಾಜಿಗೆ ಅಂಕೋಲೆ ತಲುಪುವಾಗ ಮೈ ಕೆಂಡ. ಡಾಕ್ಟರು ಬಂದು ನೋಡಿ, ಬಿಸಿಲು ಬಡಿದಿದೆ, ಜ್ವರ ಇಳಿಯುವ ತನಕ ರಸ್ತೆಯಲ್ಲಿ ಕುಲುಕಬಾರದು, ತಂಪಾದ ಜಾಗದಲ್ಲಿ ಇಡಿ ಎಂದರು. ಮಳೆಗಾಲಕ್ಕೆ ಬಂದರು ಮುಚ್ಚುವುದರೊಳಗೆ ಕಾರವಾರ ತಲುಪಿ ಮುಂಬಯಿಯ ಆಗಬೋಟು ಹತ್ತುವುದು ಸೇಠರ ಲೆಕ್ಕವಾಗಿತ್ತು. ಅವರು ಪೇಟೆಯ ನಡುವೆ ತಲೆಯ ಮೇಲೆ ಕೈಹೊತ್ತು ನಿಂತರು.

ಆಗ ನಾನು ಬಾಯಿ ಹಾಕಿದೆ. ಅಂಕೋಲೆಯ ಪಡುವಣಕ್ಕೆ, ಸಮುದ್ರದ ದಂಡೆಯ ಕೆಲವೇ ಮನೆಗಳ ಒಂದು ಕೊಪ್ಪದಲ್ಲಿ ನನ್ನ ಅಕ್ಕನ ಗಂಡನ ಮನೆ. ಮಾವಿನ ಮರವಿದೆ, ಸಿಹಿನೀರಿನ ಬಾವಿಯಿದೆ, ನಮ್ಮವರೇ ಎಂದೆ. ಹೇಳುವಾಗ ಎದೆ ಎಷ್ಟು ಉಬ್ಬಿತ್ತು ಎಂದರೆ, ಗಾಡಿಯನ್ನು ಅಕ್ಕನ ಅತ್ತೆಯ ಅಂಗಳದಲ್ಲಿ ನಿಲ್ಲಿಸಿ ಹಾರ್ನ್ ಹೊಡೆಯುವ ಚಿತ್ರ ಆಗಲೇ ಕಣ್ಣ ಮುಂದೆ ಬಂದಿತ್ತು. ಹಾಗೇ ಹೊಡೆದೆ ಕೂಡ. ಕೊಪ್ಪಕ್ಕೆ ಕೊಪ್ಪವೇ ಬಂದು ಗಾಲಿಯ ಮನೆ ನೋಡಿತು. ಅಕ್ಕ ಸೆರಗಿನಲ್ಲಿ ಕೈ ಒರೆಸುತ್ತ ಬಂದು, ನನ್ನ ತಮ್ಮನದೇ ಕೆಲಸ ಎಂಬಂತೆ ನಿಂತಿದ್ದಳು.

ಭಾವ ಜಗಲಿ ತೆರವು ಮಾಡಿಕೊಡುತ್ತೇನೆ ಎಂದ. ಮಾಜಿ ಒಪ್ಪಲಿಲ್ಲ. ಸರಿ, ಗಾಡಿಯನ್ನು ಮಾವಿನ ಮರದಡಿ, ಮನೆಯ ಹಿಂದಿನ ಚಿರೆಕಲ್ಲಿನ ಪಾಗಾರದ ಗೋಡೆಯ ಒತ್ತಿಗೆ ನಿಲ್ಲಿಸಿ ನಾನು ತಟ್ಟಿಗೆ ನೀರು ಬಿಡಲು ಶುರುಮಾಡಿದೆ.

ಇಲ್ಲಿ ಆ ಬಾವಿಯ ಸಂಗತಿ ಹೇಳಬೇಕು. ಸಮುದ್ರದ ದಂಡೆಯ ಬಾವಿಯಲ್ಲಿ ಸಿಹಿನೀರು ಮೇಲೆ, ಉಪ್ಪುನೀರು ಕೆಳಗೆ. ಮಳೆಗಾಲದಲ್ಲಿ ಬಿದ್ದ ನೀರೇ ಮರಳಿನಲ್ಲಿ ಉಳಿದು ಬೇಸಿಗೆಯ ತನಕ ಊರನ್ನು ಸಾಕುತ್ತದೆ. ಹೆಚ್ಚು ಸೇದಿದರೆ ಕೆಳಗಿನ ಉಪ್ಪು ಮೇಲೇರುತ್ತದೆ. ಒಮ್ಮೆ ಏರಿತೋ, ಮಳೆ ಬರುವ ತನಕ ತಿರುಗುವುದಿಲ್ಲ. ಅದಕ್ಕೇ ಆ ಕೊಪ್ಪದಲ್ಲಿ ಒಂದು ಕಟ್ಟಳೆ. ಬಾವಿಯ ಒಳಗೋಡೆಯಲ್ಲಿ ಒಂದು ಕರಿಕಲ್ಲು ಕೂರಿಸಿದ್ದರು. ನೀರು ಆ ಕಲ್ಲಿನಿಂದ ಕೆಳಗಿಳಿಯಬಾರದು. ಬೇಸಿಗೆ ಬಂತೆಂದರೆ ಎಲ್ಲ ಮನೆಯವರೂ ಬೆಳಿಗ್ಗೆಯೇ ಸೇದಿಕೊಳ್ಳಬೇಕು. ಹೊತ್ತು ನೆತ್ತಿಗೆ ಬರುವ ಮೊದಲು ಅಕ್ಕನ ಅತ್ತೆ ಬಾವಿಕಟ್ಟೆಯ ಮೇಲೆ ಮುಳ್ಳುಕೊಂಬೆಯ ಒಂದು ಗೆಲ್ಲು ಅಡ್ಡ ಇಡುತ್ತಿದ್ದಳು. ಗೆಲ್ಲು ಬಿತ್ತೆಂದರೆ ಬಾವಿಗೆ ವಿಶ್ರಾಂತಿ. ಮತ್ತೆ ಮರುದಿನ ಬೆಳಿಗ್ಗೆಯೇ ಹಗ್ಗ. ಹೆರಿಗೆಯ ಮನೆಯವರೂ ಆ ಗೆಲ್ಲು ಸರಿಸಿದ್ದಿಲ್ಲವಂತೆ.

ನನಗೆ ಇದು ಗೊತ್ತಿರಲಿಲ್ಲ ಎನ್ನುವ ಹಾಗೂ ಇಲ್ಲ. ನಾನು ಹುಟ್ಟಿದ್ದು ಕಾರವಾರದ ಹತ್ತಿರದ ಕದ್ವಾಡದಲ್ಲಿ. ಕಾಳಿ ಹೊಳೆಯ ಉಪ್ಪು ಎಷ್ಟು ಒಳಗೆ ಬರುತ್ತದೆ, ಬೇಸಿಗೆಯಲ್ಲಿ ಬಾವಿಯ ಮುಂದೆ ಹೆಂಗಸರು ಎಷ್ಟು ಮೆಲ್ಲಗೆ ಕೊಡಪಾನ ಇಳಿಸುತ್ತಾರೆ ಎಂಬುದನ್ನು ನೋಡುತ್ತಲೇ ಬೆಳೆದವ. ಹುಬ್ಬಳ್ಳಿಯ ನಲ್ಲಿಯ ನೀರು ಕುಡಿದು ಮರೆತಿದ್ದೆ ಅಷ್ಟೆ.

ಮೊದಲ ದಿನ ಬೆಳಿಗ್ಗೆ ಸೇದಿದ ನೀರು ಮಧ್ಯಾಹ್ನಕ್ಕೇ ಮುಗಿಯಿತು. ಗಾಡಿಯ ಒಳಗೆ ಕೈಯಿಟ್ಟು ನೋಡಿದರೆ ತಂಪೇ ಇಲ್ಲ. ಧಗೆ, ಮೇಲಿಂದ ಒದ್ದೆ ಬೇರಿನ ಮುಗ್ಗುಲು ವಾಸನೆ. ನೀರು ಕಡಿಮೆಯಾಗಿರಬೇಕು ಎಂದುಕೊಂಡೆ. ಬಾವಿಯ ಹತ್ತಿರ ಹೋದರೆ ಗೆಲ್ಲು ಅಡ್ಡವಿತ್ತು. ಅಕ್ಕ ಅಲ್ಲೇ ಪಾತ್ರೆ ತಿಕ್ಕುತ್ತಿದ್ದಳು. ನಾಲ್ಕು ಕೊಡಪಾನ ನೀರು ಬೇಕು ಎಂದೆ.

"ತಮಾ, ಗೆಲ್ಲು ಇಟ್ಟಾಯ್ತಲ. ನಾಳೆ ಬೆಳಿಗ್ಗೆ ತಕಂಡ್ರೆ ಆಗೂದಿಲ್ವಾ?"

ಒಳಗೆ ಮುದುಕಿ ಬೇಯುತ್ತಿದೆ, ನಿನ್ನ ಮನೆಯ ಬಾಗಿಲಲ್ಲೇ ಏನಾದರೂ ಆದರೆ ನಿನಗೇ ಕೆಟ್ಟ ಹೆಸರು ಎಂದೆ. ಹಾಗೆ ಹೇಳಬೇಕೆಂದು ನನ್ನ ನಾಲಿಗೆಗೆ ಯಾರು ಕಲಿಸಿದರೋ. ಅಕ್ಕ ಮನೆಯ ಕಡೆ ಒಮ್ಮೆ ನೋಡಿದಳು. ಅತ್ತೆ ಒಳಗೆ ಮಲಗಿದ್ದಳು. ತವರಿನವ ಬಾಯಿಬಿಟ್ಟು ಕೇಳಿದ್ದಾನೆ, ಅದೂ ನೀರು. ಅವಳು ಕೈ ಒರೆಸಿಕೊಂಡು ಬಂದು ಗೆಲ್ಲನ್ನು ತಾನೇ ಎತ್ತಿ ಬದಿಗಿಟ್ಟಳು. ನಾನು ಸೇದಿದ ಮೇಲೆ ಮೊದಲಿನ ಹಾಗೇ ಅಡ್ಡ ಇಟ್ಟಳು. ಮರುದಿನವೂ ಹಾಗೇ ಆಯಿತು, ಅದರ ಮರುದಿನವೂ. ಮೂರನೆಯ ಸಲ ನಾನು ಕೇಳಲೂ ಇಲ್ಲ, ಕೊಡಪಾನ ಹಿಡಿದು ನಿಂತೆ ಅಷ್ಟೆ. ನೀರು ಕರಿಕಲ್ಲಿನ ಕೆಳಗೆ ಇಳಿದದ್ದನ್ನು ಕಂಡೆ. ಒಂದು ಗೇಣು ತಾನೇ ಎಂದುಕೊಂಡೆ.

ಆ ದಿನಗಳಲ್ಲಿ ಮಾಜಿ ಕೈಸನ್ನೆ ಮಾಡಿ ಕಿಟಕಿ ತೆಗೆ, ತೆಗೆ ಎನ್ನುತ್ತಿದ್ದರು. ಜ್ವರದವರ ಹಟ ಎಂದು ನಾನು ತಟ್ಟಿಗೆ ಇನ್ನಷ್ಟು ನೀರು ಸುರಿದೆ. ನನ್ನ ಕಣ್ಣೆದುರೇ ಬೇರೆ ಕುರುಹುಗಳೂ ಇದ್ದವು. ಬೆಳಿಗ್ಗೆ ಹಿಂಡಿ ಹಾಕಿದ ನನ್ನ ಪಂಚೆ ಸಂಜೆಯಾದರೂ ತಣಸು ತಣಸಾಗಿಯೇ ಇರುತ್ತಿತ್ತು. ಹುಬ್ಬಳ್ಳಿಯಲ್ಲಿ ಅದೇ ಪಂಚೆ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಗರಿಗರಿಯಾಗುತ್ತಿತ್ತು. ತಟ್ಟಿಯ ತಂಪು ನೀರಿನಿಂದ ಬರುವುದಲ್ಲ, ನೀರು ಆರುವುದರಿಂದ ಬರುವುದು. ಕರಾವಳಿಯ ಗಾಳಿ ಮೊದಲೇ ನೀರು ಕುಡಿದು ಹೊಟ್ಟೆ ತುಂಬಿಸಿಕೊಂಡಿರುತ್ತದೆ, ತಟ್ಟಿಯ ನೀರನ್ನು ಅದು ಮುಟ್ಟುವುದಿಲ್ಲ. ಬರುವ ನಾಲ್ಕು ಉಸಿರು ಗಾಳಿಗೂ ಒದ್ದೆ ತಟ್ಟಿಯೇ ಅಡ್ಡ. ಇಷ್ಟು ತಿಳಿಯಲು ಓದು ಬೇಕಾಗಿರಲಿಲ್ಲ, ಹಗ್ಗದ ಮೇಲಿನ ಪಂಚೆ ಸಾಕಾಗಿತ್ತು. ನಾನು ಮಾಜಿಗೆ ತಂಪು ಮಾಡುತ್ತಿರಲಿಲ್ಲ. ಸೇಠರು ತಟ್ಟಿದ ನನ್ನ ಬೆನ್ನಿಗೆ ತಂಪು ಮಾಡಿಕೊಳ್ಳುತ್ತಿದ್ದೆ.

ಒಂದು ಬೆಳಿಗ್ಗೆ ಅಕ್ಕನ ಅತ್ತೆ ಗಂಜಿ ಬಾಯಿಗಿಟ್ಟು ಹೊರಗೆ ಬಂದು ಉಗಿದಳು. ಬಾವಿಯ ಹತ್ತಿರ ಹೋಗಿ ಒಂದು ಬೊಗಸೆ ನೀರು ಕುಡಿದು ನೋಡಿದಳು. ಕಟ್ಟೆಯ ಮೇಲೆ ಕೂತಳು. ಅಷ್ಟರಲ್ಲಿ ಬೇರೆ ಮನೆಗಳ ಹೆಂಗಸರೂ ಕೊಡಪಾನ ಹಿಡಿದು ಬಂದರು. ಒಬ್ಬೊಬ್ಬರೇ ನೀರು ಬಾಯಿಗೆ ಹಾಕಿ ನೋಡಿದರು. ಗಂಡಸರೂ ಬಂದರು. ಕೊಪ್ಪಕ್ಕೆ ಅದೊಂದೇ ಸಿಹಿ ಬಾವಿ. ಮುಂದಿನದು ಮೂಡಣ ದಿಕ್ಕಿಗೆ, ಗದ್ದೆಬಯಲು ದಾಟಿ ಗುಡ್ಡದ ಬುಡದಲ್ಲಿ. ಮಳೆಗೆ ಇನ್ನೂ ಬಹಳ ದಿನವಿತ್ತು.

ಇಷ್ಟು ಮಾತ್ರ ಹೇಳಬಲ್ಲೆ, ನಾನು ಅಡಗಿಕೊಳ್ಳಲಿಲ್ಲ. ಎಲ್ಲರ ಮುಂದೆ ಹೋಗಿ, ಮಧ್ಯಾಹ್ನ ನೀರು ಸೇದಿದವ ನಾನು, ತಪ್ಪು ನನ್ನದು ಎಂದೆ. ಬೈಯುತ್ತಾರೆ, ಹೊಡೆದರೂ ಹೊಡೆಯಲಿ ಎಂದು ಗಟ್ಟಿಮಾಡಿಕೊಂಡು ನಿಂತೆ. ಯಾರೂ ನನ್ನ ಕಡೆ ತಿರುಗಲಿಲ್ಲ. ಅತ್ತೆ ನನ್ನನ್ನು ದಾಟಿ ಹಿಂದೆ ನಿಂತಿದ್ದ ಅಕ್ಕನನ್ನು ನೋಡಿದಳು.

"ಅವ ನೆಂಟ. ಅವ್ನಿಗೆ ನೀರು ಬೇಕಾತು, ಕೇಳ್ದ. ಗೆಲ್ಲು ಎತ್ತಿದ್ ಕೈ ಯಾರ್ದು?"

ಅಕ್ಕ ತನ್ನದು ಎಂದಳು. ನಾನು ನಡುವೆ ಬಾಯಿ ಹಾಕಿ, ಬಲವಂತ ಮಾಡಿದವ ನಾನು ಎಂದೆ. ಭಾವ ನನ್ನ ಭುಜದ ಮೇಲೆ ಕೈಯಿಟ್ಟು, ನೀವು ಹೋಗಿ ಚಾ ಕುಡೀರಿ ಎಂದ. ಅಕ್ಕನಿಗೂ ಅವನಿಗೂ ಮದುವೆಯಾದ ದಿನದಿಂದ ನನ್ನನ್ನು ಏಕವಚನದಲ್ಲಿ ಕರೆಯುತ್ತಿದ್ದವ ಆ ಬೆಳಿಗ್ಗೆ ಬಹುವಚನ ಹಚ್ಚಿದ. ಕಟ್ಟೆಯ ಬದಿಯಲ್ಲಿ ಕೂತಿದ್ದ ಒಬ್ಬ ಮುದುಕ, ಉಪ್ಪಿನ ಸತ್ಯಾಗ್ರಹದಲ್ಲಿ ಲಾಠಿ ತಿಂದು ಕಾಲು ಎಳೆಯುತ್ತಿದ್ದವ, ಅಕ್ಕನಿಗೆ ಹೇಳಿದ:

"ಉಪ್ಪು ಮಾಡ್ಬೇಡಿ ಹೇಳಿ ಸರ್ಕಾರದವ್ರು ನಮ್ಗೆ ಹೊಡದ್ರು. ನಿನ್ ತಮ್ಮ ಬಾವಿಯಲ್ಲೇ ಉಪ್ಪು ಬೆಳ್ಸಿ ಕೊಟ್ಟ ನೋಡೇ."

ಒಂದಿಬ್ಬರು ನಕ್ಕರು. ಆ ಮಾತನ್ನೂ ಅವಳಿಗೇ ಹೇಳಿದರು, ನನಗಲ್ಲ. ಬಂದವರನ್ನು ಬೈಯಬಾರದು, ಸೊಸೆಯನ್ನು ಬೈಯಬಹುದು. ನಾನು ಎಷ್ಟು ಸಲ ನನ್ನ ತಪ್ಪು ಎಂದೆನೋ ಅಷ್ಟೂ ಸಲ ಅದು ನನ್ನನ್ನು ಸವರಿಕೊಂಡು ಹೋಗಿ ಅವಳ ಮೇಲೆ ಬಿತ್ತು. ಕೊನೆಗೆ ಅಕ್ಕನೇ ಕಣ್ಣಿನಲ್ಲಿ ಸುಮ್ಮನಿರು ಎಂದಳು.

ಗಾಡಿಗೆ ಹೋಗಿ ತಟ್ಟಿಗಳನ್ನು ಬಿಚ್ಚಿದೆ. ಅಂಚಿನಲ್ಲಿ ಬೇರು ಒಣಗಿದ್ದಲ್ಲೆಲ್ಲ ಬಿಳಿ ಗೆರೆ. ನಾಲಿಗೆ ತಾಗಿಸಿದೆ, ಉಪ್ಪು. ಹಿಂದಿನ ಮಧ್ಯಾಹ್ನ ಸೇದಿದ ನೀರೇ ಕೆಟ್ಟಿತ್ತು. ಆಗ ನಾನು ಅದನ್ನು ಕುಡಿದು ನೋಡಿರಲಿಲ್ಲ, ಬೇರಿಗೆ ಸುರಿದಿದ್ದೆ. ಸೇಠರು ಇದೇನು ಮಾಡುತ್ತೀ ಎಂದು ಬಂದರು. ಈ ಉಪಾಯ ಘಟ್ಟದ ಮೇಲಿನದು, ಇಲ್ಲಿ ನಡೆಯುವುದಿಲ್ಲ, ಮೊದಲ ದಿನದಿಂದಲೂ ನಡೆದಿಲ್ಲ ಎಂದೆ. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದರು. ಬಾವಿಯ ಸುದ್ದಿಯನ್ನೂ ಹೇಳಿದೆ. ಅವರು, ತಾಯಿಗೆ ಇದು ಗೊತ್ತಾಗಬಾರದು, ಗೊತ್ತಾದರೆ ನೀರು ಮುಟ್ಟಲಿಕ್ಕಿಲ್ಲ ಎಂದರು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಮಾಡಬೇಕಾದ್ದು ಆಗ ಒಂದೊಂದಾಗಿ ಕಂಡಿತು. ಪಾಗಾರದ ಒತ್ತಿನಲ್ಲಿ ಗಾಳಿಯೇ ಇಲ್ಲ. ಮಧ್ಯಾಹ್ನದ ಪಡುಗಾಳಿ ಬೀಸುವುದು ತೆಂಗಿನ ಸಾಲಿನ ಆಚೆ, ದಂಡೆಯ ಬಯಲಿನಲ್ಲಿ. ಗಾಡಿ ಅಲ್ಲಿಗೆ ಹೋಗಬೇಕು. ಆದರೆ ಎಂಜಿನ್ ಹಚ್ಚಿದರೆ ಮರಳಿನಲ್ಲಿ ಗಾಲಿ ಹೂತುಕೊಳ್ಳುತ್ತದೆ, ಮಾಜಿಯೂ ಕುಲುಕುತ್ತಾರೆ. ಹಲಗೆ ಹಾಸಿ ಕೈಯಿಂದಲೇ ಮೆಲ್ಲಗೆ ದೂಡಬೇಕು. ಅದಕ್ಕೆ ಆಳು ಬೇಕು. ನೀರು ಕೆಡಿಸಿದ ಊರಿನವರನ್ನೇ ಕೇಳಬೇಕು.

ಭಾವನಿಗೆ ಹೇಳಿದೆ. ಅವನು ಒಂದು ಕೂಗು ಹಾಕಿದ. ಬೆಳಿಗ್ಗೆ ಬಾವಿಯ ಹತ್ತಿರ ನಿಂತಿದ್ದ ಗಂಡಸರೆಲ್ಲ ಬಂದರು. ದೋಣಿ ಎಳೆಯುವವರ ಹಾಗೆ ಒಂದೇ ಉಸಿರಿಗೆ, ಒಳಗಿನ ತಂಬಿಗೆ ಸದ್ದಾಗದಂತೆ ಗಾಡಿಯನ್ನು ದಂಡೆಗೆ ದೂಡಿದರು. ಉದ್ದದ ಬದಿ ಪಡುವಣಕ್ಕೆ ಮುಖವಾಗುವಂತೆ ತಿರುಗಿಸಿ ನಿಲ್ಲಿಸಿದೆವು. ಒಬ್ಬನೂ ಒಂದು ಕಟುಮಾತು ಆಡಲಿಲ್ಲ. ಆಡಿದ್ದರೆ ನನಗೆ ಹಗುರವಾಗುತ್ತಿತ್ತು.

ಮುಂದೆ ತಗಡಿನ ಕಾವು. ಮಾಡಿನ ಮೇಲೆ ನಾಲ್ಕು ಕಡೆ ಬಿದಿರು ಗಳ ಕಟ್ಟಿ, ತಗಡಿಗೆ ತಾಗದಂತೆ ಮೊಳದೆತ್ತರಕ್ಕೆ ಹಂದರ ಎಬ್ಬಿಸಿದೆ. ಹೊದೆಸಲು ಹೆಣೆದ ತೆಂಗಿನ ಮಡಲು ಬೇಕು. ಮಳೆಗೆ ಮೊದಲು ತಮ್ಮ ತಮ್ಮ ಮನೆ ಹೊದೆಸಲು ಹೆಂಗಸರು ಹೆಣೆದು ಒಟ್ಟಿದ್ದ ಮಡಲನ್ನೇ ಮನೆಮನೆಯಿಂದ ತಂದುಕೊಟ್ಟರು. ಹರಿಯದಂತೆ, ಮೊಳೆ ಹೊಡೆಯದೆ, ಹುರಿಯಲ್ಲೇ ಕಟ್ಟಿದೆ. ಬಿಸಿಲು ಮಡಲಿಗೆ ಬಿದ್ದು, ಮಡಲಿಗೂ ತಗಡಿಗೂ ನಡುವೆ ಗಾಳಿ ಹರಿದು ಹೋಗುತ್ತಿದ್ದುದರಿಂದ ತಗಡಿನ ಮೇಲೆ ಅಂಗೈ ಊರಿ ನಿಲ್ಲುವಷ್ಟಾಯಿತು.

ಇಷ್ಟಾದರೂ ಒಳಗಿನ ಬಿಸಿಗಾಳಿ ಹೊರಡಲು ದಾರಿಯಿರಲಿಲ್ಲ. ತಣ್ಣನೆಯದು ಕೆಳಗಿಂದ ಬರಬೇಕು, ಬಿಸಿಯದು ಮೇಲಿಂದ ಹೋಗಬೇಕು. ಕೈಯಲ್ಲಿ ಗರಗಸ ಹಿಡಿದು ಸೇಠರ ಮುಂದೆ ನಿಂತೆ. ಮುಂಬಯಿಯ ಬಡಗಿಗಳು ಸಂದು ಕಾಣದಂತೆ ಕೂಡಿಸಿದ್ದ ತೇಗದ ಗೋಡೆ ಅದು. ಸೇಠರು ಗೋಡೆಯನ್ನು ಸವರಿ, ಕೊಯ್ಯಿ ಎಂದರು. ಪಡುವಣ ಬದಿಯಲ್ಲಿ, ಮಂಚದ ಮಟ್ಟಕ್ಕಿಂತ ಕೆಳಗೆ, ಹಲಗೆ ಕೊಯ್ದು ಉದ್ದಕ್ಕೆ ಒಂದು ಕಂಡಿ ಮಾಡಿದೆ. ಮೂಡಣ ಬದಿಯಲ್ಲಿ ಸೂರಿನ ಸ್ಕ್ರೂ ಸಡಿಲಿಸಿ, ತಗಡನ್ನು ಎತ್ತಿ, ಅಡಿಗೆ ಕಟ್ಟಿಗೆಯ ತುಂಡು ಕೊಟ್ಟೆ. ಕಿಟಕಿಗಳನ್ನೆಲ್ಲ ತೆರೆದೆ.

ಮಧ್ಯಾಹ್ನ ಪಡುಗಾಳಿ ಎದ್ದಿತು. ಕೆಳಗಿನ ಕಂಡಿಯಿಂದ ನುಗ್ಗಿ ಮೇಲಿನ ಸಂದಿನಿಂದ ಹೊರಟಿತು. ದೇವರ ಪಟದ ಹೂವು ಅಲ್ಲಾಡಿತು. ಮಾಜಿ ಮಗ್ಗುಲಾಗಿ ಮಲಗಿ, ಗಾಳಿಗೆ ಮುಖ ಕೊಟ್ಟು, ಬಂದಂದಿನಿಂದ ಮೊದಲ ಸಲ ನಿದ್ದೆ ಮಾಡಿದರು. ಒಂದು ತೊಟ್ಟು ನೀರು ಬೇಕಾಗಲಿಲ್ಲ. ಮೊದಲ ದಿನವೇ ಮಾಡಿದ್ದರೂ ಬೇಕಾಗುತ್ತಿರಲಿಲ್ಲ.

ಜ್ವರ ಇಳಿಯತೊಡಗಿದ ಮೇಲೆ ಸೇಠರ ಮುಖ ಅರಳಿತು. ಅಂಗಳದಲ್ಲಿ ಊರವರು ಸೇರಿದ್ದಾಗ ನನ್ನ ಹೆಗಲು ಹಿಡಿದು, ಇವನಂಥ ಬುದ್ಧಿವಂತ ಸಿಗುವುದು ಕಷ್ಟ ಎಂದು ತಮ್ಮ ಹರಕುಮುರುಕು ಕನ್ನಡದಲ್ಲಿ ಹೊಗಳಿದರು. ಆ ಹೊತ್ತಿಗೆ ಸರಿಯಾಗಿ ಅಕ್ಕ ಗುಡ್ಡದ ಬುಡದ ಬಾವಿಯಿಂದ ಬರುತ್ತಿದ್ದಳು. ತಲೆಯ ಮೇಲೊಂದು, ಸೊಂಟದಲ್ಲೊಂದು ಕೊಡಪಾನ. ತನ್ನ ಮನೆಗಷ್ಟೇ ಅಲ್ಲ, ನಡೆಯಲಾಗದ ಇನ್ನೊಂದು ಮನೆಯ ಮುದುಕಿಗೂ ಅವಳೇ ತರಬೇಕೆಂದು ಅತ್ತೆ ಹೇಳಿದ್ದಳು. ಸೇಠರ ಮಾತು ಮುಗಿಯುವ ತನಕ ನಿಂತು ಕೇಳಿ, ನನ್ನ ಕಡೆ ನೋಡಿ ಸ್ವಲ್ಪ ನಕ್ಕಳು. ಅದು ನಿಜವಾದ ನಗು. ತಮ್ಮನನ್ನು ಹೊಗಳಿದ್ದು ಅವಳಿಗೆ ಸಂತೋಷವಾಗಿತ್ತು.

ಮರುದಿನ ನಸುಕಿನಲ್ಲೇ ನಾನು ಕಾವಡಿ ಕಟ್ಟಿಕೊಂಡು ಗುಡ್ಡದ ಬಾವಿಗೆ ಹೋದೆ. ಎರಡು ಡಬ್ಬ ತುಂಬಿಕೊಂಡು ಗದ್ದೆಬದುವಿನ ಹಾಳಿಯ ಮೇಲೆ ಬರುವಾಗ ಹೆಗಲು ಕಿತ್ತುಹೋಯಿತು. ಅಕ್ಕ ದಿನಕ್ಕೆ ಎಷ್ಟು ಸಲ ಈ ಹಾಳಿ ತುಳಿಯುತ್ತಾಳೆ ಎಂದು ಲೆಕ್ಕ ಹಾಕಲು ಹೋಗಿ ಬಿಟ್ಟುಬಿಟ್ಟೆ. ಅಂಗಳಕ್ಕೆ ಬಂದರೆ ಅತ್ತೆ ಎದುರು ನಿಂತಿದ್ದಳು. ಡಬ್ಬ ಇಳಿಸಿಕೊಳ್ಳಲು ಬಿಡಲಿಲ್ಲ.

"ಸೊಸೆ ತಮ್ಮನ್ ಕೈಲಿ ನೀರು ಹೊರ್ಸ್ಕಂಡ್ರು ಹೇಳಿ ಊರು ಆಡ್ಕಂಬೂಕಾ? ನಮ್ಮನಿ ಮರ್ಯಾದಿ ಅಷ್ಟಾದ್ರೂ ಉಳೀಲಿ. ನೀವು ಕೂತ್ಕಳಿ."

ನಾನು ಕೂತೆ. ಆ ನೀರನ್ನು ಅವಳು ದನ ನೀರು ಕುಡಿಯುವ ಬಾನಿಗೆ ಹೊಯ್ಯಿಸಿದಳು. ಅಂದಿನಿಂದ ಹೊರಡುವ ದಿನದ ತನಕ ನಾನು ಜಗಲಿಯಲ್ಲಿ ಕೂತು ಅಕ್ಕ ಹೋಗುವುದನ್ನೂ ಬರುವುದನ್ನೂ ನೋಡಿದೆ. ನನಗೆ ಬೇರೆ ಕೆಲಸವಿರಲಿಲ್ಲ. ಗಾಡಿ ತಾನಾಗಿಯೇ ತಂಪಾಗಿತ್ತು.

ಡಾಕ್ಟರು ಹೊರಡಬಹುದು ಎಂದ ದಿನ ಮಡಲುಗಳನ್ನು ಬಿಚ್ಚಿ, ಎಣಿಸಿ, ಮನೆಮನೆಗೆ ಹಿಂತಿರುಗಿಸಿದೆ. ಗಂಡಸರು ಗಾಡಿಯನ್ನು ಮತ್ತೆ ರಸ್ತೆಗೆ ದೂಡಿಕೊಟ್ಟರು. ಸೇಠರು ಮುಂದಿನ ಸೀಟಿನಲ್ಲಿ ಕೂತರು. ಹಿಂದೆ ಮಾಜಿ ಕಿಟಕಿಯಿಂದ ಎಲ್ಲರಿಗೂ ಕೈಮುಗಿದರು. ಆಕೆಗೆ ಕೊನೆಯ ತನಕ ಏನೂ ಗೊತ್ತಾಗಲಿಲ್ಲ. ನಾನು ಎಂಜಿನ್ ಹಚ್ಚಿಟ್ಟು ಹೇಳಿಹೋಗಲು ಮನೆಗೆ ಬಂದೆ.

ಅತ್ತೆ ಜಗಲಿಯಲ್ಲಿದ್ದಳು. ಅಕ್ಕ ಆಗಷ್ಟೇ ನೀರು ತಂದು ಇಳಿಸಿ ಕಂಬಕ್ಕೆ ಒರಗಿ ನಿಂತಿದ್ದಳು. ಸಿಂಬೆಯ ಕೆಳಗಿನ ಕೂದಲು ಹಣೆಗೆ ಅಂಟಿತ್ತು. ಹೋಗಿಬರುತ್ತೇನೆ ಎಂದೆ.

"ಬಿಸ್ಲಲ್ಲಿ ಹೊರಟ್ರಲ, ನೀರು ಕುಡ್ಕಂಡ್ ಹೋಗಿ" ಎಂದಳು ಅತ್ತೆ. ಮತ್ತೆ ಸೊಸೆಯ ಕಡೆ ತಿರುಗಿ, "ತಮ್ಮಂಗೆ ನೀರು ಕೊಡೂಕೂ ನಾ ಹೇಳ್ಬೇಕೇನೇ?"

ಬಾಯಾರಿಕೆಯಿಲ್ಲ ಎಂದೆ. ಹೇಳಿದ ಮೇಲೆ ಗೊತ್ತಾಯಿತು, ನಾನು ಆ ಮನೆಯ ನೀರು ಬೇಡವೆಂದರೆ ಅದಕ್ಕೂ ಉತ್ತರ ಕೊಡಬೇಕಾದವಳು ಅಕ್ಕನೇ. ಮೆಟ್ಟಿಲ ಮೇಲೆ ಕೂತೆ. ಅವಳು ಒಂದು ತುಂಡು ಬೆಲ್ಲ, ಒಂದು ತಂಬಿಗೆ ನೀರು ತಂದಳು.

"ಕುಡಿ ತಮಾ. ಗುಡ್ಡದ್ ಬಾವಿದು, ಉಪ್ಪಿಲ್ಲ."

ನೆಂಟರು ತಂಬಿಗೆಯ ತಳದಲ್ಲಿ ಸ್ವಲ್ಪ ಉಳಿಸುವುದು ನಮ್ಮ ಕಡೆಯ ರೂಢಿ. ಉಳಿಸಿದ್ದನ್ನು ಅಂಗಳಕ್ಕೆ ಚೆಲ್ಲುತ್ತಾರೆ. ಆ ನೀರನ್ನು ಚೆಲ್ಲಿಸಲು ನನಗೆ ಮನಸ್ಸು ಬರಲಿಲ್ಲ. ಎತ್ತಿ ಹಿಡಿದು, ಕೊನೆಯ ಹನಿಯ ತನಕ ಕುಡಿದೆ. ತಂಬಿಗೆ ಬರಿದಾದದ್ದನ್ನು ಕಂಡ ಅಕ್ಕ, ತಮ್ಮನಿಗೆ ಎಷ್ಟು ಬಾಯಾರಿತ್ತೋ ಎಂದು, ಕೊಡಪಾನ ಬಗ್ಗಿಸಿ ಮತ್ತೆ ತುಂಬಿಸಿದಳು.